ನೋಡದೆ ದಾಟುವ ರಾಶಿ

ದ್ವಿತೀಯ ಪಿಯುಸಿ ಫಲಿತಾಂಶ ಬಂದ ದಿನದಿಂದ ನನಗೆ ಕುಂತಲ್ಲಿ ಕೂರಲು ಆಗುವುದಿಲ್ಲ. ನಿವೃತ್ತಳಾಗಿ ಹಾವೇರಿಯ ಮನೆಯಲ್ಲಿ ಹಾಯಾಗಿ ಚಹಾ ಕುಡಿಯಬೇಕಾದವಳು ಪಡಸಾಲೆಗೂ ಬಾಗಿಲಿಗೂ ಓಡಾಡುತ್ತಿರುತ್ತೇನೆ. ಫೋನು ಬರದಿದ್ದರೆ ಯಾಕೆ ಬರಲಿಲ್ಲ ಎಂಬ ಚಿಂತೆ. ಬಂದರೆ ಯಾರ ಮನೆಯಲ್ಲಿ ಏನು ಎಡವಟ್ಟಾಯಿತೋ ಎಂಬ ಚಿಂತೆ. ನಮ್ಮ ಯಜಮಾನರು ಇದನ್ನು ನೋಡಿ, "ಪಗಾರ ನಿಂತರೂ ನಿನ್ನ ಕೆಲಸ ನಿಂದರಲಿಲ್ಲ ನೋಡು" ಎಂದು ಚುಡಾಯಿಸುತ್ತಾರೆ.

ನಾನು ಭೌತಶಾಸ್ತ್ರದ ಉಪನ್ಯಾಸಕಿಯಾಗಿದ್ದೆ. ಮೊದಲು ರಾಣೆಬೆನ್ನೂರು, ಕೊನೆಗೆ ಬ್ಯಾಡಗಿ, ಎರಡೂ ಕಡೆ ಸರಕಾರಿ ಪಿಯು ಕಾಲೇಜು. ನನ್ನ ಜಾಗಕ್ಕೆ ಬಂದಿರುವ ಸವಿತಾ ಮೊನ್ನೆ ಮನೆಗೆ ಬಂದಿದ್ದಳು. ಪಾಠ ಹೇಳುವುದು ಹೇಗೋ ರೂಢಿಯಾಗುತ್ತಿದೆ, ಆದರೆ ಪರೀಕ್ಷೆ ಮುಗಿದ ಮೇಲೆ ಅಪ್ಪ ಅವ್ವಂದಿರು ಬಂದು ಇಂಜಿನಿಯರಿಂಗಿಗೆ ಈ ಯುನಿವರ್ಸಿಟಿಯೋ ಆ ಯುನಿವರ್ಸಿಟಿಯೋ ಎಂದು ಕೇಳಿದರೆ ಬಾಯಿ ಕಟ್ಟುತ್ತದೆ, ಏನು ಹೇಳಬೇಕು ಎಂದು ಕೇಳಿದಳು. ಅದಕ್ಕೆ ಒಂದೇ ಮಾತಿನ ಉತ್ತರವಿದ್ದಿದ್ದರೆ ನಾನೂ ನೆಮ್ಮದಿಯಿಂದ ಇರುತ್ತಿದ್ದೆ. ಇಲ್ಲ. ಅದಕ್ಕೇ ಬರೆಯಲು ಕುಳಿತಿದ್ದೇನೆ. ಬಡ್ತಿ, ವರ್ಗಾವಣೆಗಳ ಕತೆ ಹೇಳುವುದಿಲ್ಲ. ಅವು ಎಲ್ಲರದೂ ಒಂದೇ ತರಹ ಇರುತ್ತವೆ.

ಈ ಕೆಲಸ ನಮ್ಮ ಕರ್ತವ್ಯಗಳಲ್ಲಿ ಎಲ್ಲೂ ಬರೆದಿಲ್ಲ ಎನ್ನುವುದನ್ನು ಮೊದಲೇ ತಿಳಿದುಕೋ ಸವಿತಾ. ರಾಣೆಬೆನ್ನೂರಿನಲ್ಲಿ ನಮ್ಮ ಪ್ರಿನ್ಸಿಪಾಲರಾಗಿದ್ದ ಅಂಗಡಿ ಸರ್ ಇದನ್ನು ಬಾಗಿಲಲ್ಲೇ ತಡೆಯುತ್ತಿದ್ದರು. ನಮ್ಮ ಜವಾಬ್ದಾರಿ ಪರೀಕ್ಷೆಯ ಹಾಲಿನ ತನಕ, ಅಲ್ಲಿಂದ ಮುಂದೆ ಅವರವರ ಹಣೆಬರಹ ಎಂಬುದು ಅವರ ಸಿದ್ಧಾಂತ. ನಾನು ಪ್ರಯೋಗಶಾಲೆಯಲ್ಲಿ ಯಾರದೋ ತಂದೆಯನ್ನು ಕೂರಿಸಿಕೊಂಡು ಮಾತಾಡುತ್ತಿದ್ದರೆ ಹೊರಗೆ ಕೆಮ್ಮಿ ಹೋಗುತ್ತಿದ್ದರು. ಅವರೂ ಹಿಂದೆ ಒಂದು ಮನೆಗೆ ಬುದ್ಧಿ ಹೇಳಿದ್ದರಂತೆ. ಆ ಹುಡುಗ ಮೊದಲ ವರ್ಷವೇ ಬಿಟ್ಟು ಬಂದನಂತೆ. ಆ ಮನೆಯವರು ಸಂತೆಯಲ್ಲಿ ಎದುರಾದರೂ ಮುಖ ತಿರುಗಿಸುತ್ತಿದ್ದರಂತೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುವುದನ್ನು ಅಂಗಡಿ ಸರ್ ಅಂದಿನಿಂದ ಕೈಬಿಟ್ಟಿರಲಿಲ್ಲ.

ಮುಂದೆ ಒಂದು ವರ್ಷ ಅವರ ಮಗಳದೇ ಸರದಿ ಬಂತು. ಎರಡು ಯುನಿವರ್ಸಿಟಿಗಳ ಬಣ್ಣದ ಪುಸ್ತಿಕೆಗಳನ್ನು ಹಾಜರಿ ಪುಸ್ತಕದ ಕೆಳಗೆ ಇಟ್ಟುಕೊಂಡು, ಸ್ಟಾಫ್ ರೂಮು ಖಾಲಿಯಾಗುವ ತನಕ ಕಾದು, ನನ್ನ ಮೇಜಿನ ಹತ್ತಿರ ಬಂದು ನಿಂತರು. "ಸುಮ್ನ ಕೇಳ್ತೇನಿ ಮೇಡಂ, ನಿಮ್ಮ ಮಗಳಾಗಿದ್ರ ಎಲ್ಲಿ ಹಾಕ್ತಿದ್ರಿ?" ಎಂದರು. ನಾನು ನಗಲಿಲ್ಲ, ನಗುವ ಹೊತ್ತೂ ಅಲ್ಲ. ಮಗಳು ಏನನ್ನುತ್ತಾಳೆ ಎಂದು ಕೇಳಿದೆ. ಅವರು ಅದನ್ನು ಕೇಳಿರಲಿಲ್ಲ.

ಆಗೆಲ್ಲ ಸೀಟು ಆರಿಸಲು ಬೆಂಗಳೂರಿಗೇ ಹೋಗಬೇಕಿತ್ತು. ಹಾವೇರಿ ಸ್ಟೇಷನ್ನಿನಲ್ಲಿ ಗಾಡಿ ಹತ್ತುವುದು, ಬುತ್ತಿ ಕಟ್ಟಿಕೊಂಡು ಹೋಗುವುದು, ದೊಡ್ಡ ಹಾಲಿನಲ್ಲಿ ಸಾವಿರಾರು ಮಂದಿಯ ನಡುವೆ ಕೂತು ಪರದೆ ನೋಡುವುದು. ಪರದೆಯ ಮೇಲೆ ಕಾಲೇಜುಗಳ ಸೀಟುಗಳು ಕಣ್ಣೆದುರೇ ಕರಗುತ್ತಿದ್ದವು. ಗುತ್ತಲದ ಒಬ್ಬ ಹುಡುಗಿಯ ತಂದೆಗೆ ಬರಲು ಆಗದೆ ಅವಳ ಜೊತೆ ನಾನೇ ಹೋಗಿದ್ದೆ. ನಾವು ಅಂದುಕೊಂಡಿದ್ದ ಸೀಟು ಅವಳ ನಂಬರು ಕರೆಯುವ ಮುಂಚೆಯೇ ತುಂಬಿಹೋಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ನಾನು ಹಲುಬುವಷ್ಟರಲ್ಲಿ ಆ ಹುಡುಗಿ ತಾನೇ ಎದ್ದು ಹೋಗಿ ಇನ್ನೊಂದನ್ನು ಆರಿಸಿ ಬಂದುಬಿಟ್ಟಳು. ಹೊರಗೆ ಫುಟ್‌ಪಾತಿನ ಮೇಲೆ ಕೂತು ರೊಟ್ಟಿ, ಶೇಂಗಾ ಚಟ್ನಿ ತಿಂದೆವು. ಅವಳು ಚೆನ್ನಾಗಿ ಉಂಡಳು. ನನ್ನ ಪಾಲಿನದನ್ನೂ ಅವಳ ಕಡೆಗೇ ಸರಿಸಿದೆ.

ಈಗ ಹಾಗಿಲ್ಲ. ಊರಲ್ಲೇ ಕೂತು ಕಂಪ್ಯೂಟರಿನಲ್ಲಿ ತಮಗೆ ಬೇಕಾದ ಕಾಲೇಜುಗಳನ್ನು ಒಂದರ ಕೆಳಗೆ ಒಂದು ಬರೆಯುತ್ತಾರೆ. ಮೇಲಿನಿಂದ ನೋಡುತ್ತ ಬಂದು, ನಮ್ಮ ರ‍್ಯಾಂಕಿಗೆ ಮೊದಲು ದಕ್ಕುವುದನ್ನು ಯಂತ್ರ ಕೊಡುತ್ತದೆ. ಅದಕ್ಕೂ ಮುಂಚೆ ಒಂದು ಅಣಕು ಹಂಚಿಕೆ ಮಾಡಿ, ಈಗಿನ ಕ್ರಮದಲ್ಲಿ ನಿಮಗೆ ಇದು ಸಿಗಬಹುದು ಎಂದು ತೋರಿಸುತ್ತಾರೆ. ಆಮೇಲೂ ಕೆಲವು ದಿನ ಕ್ರಮ ಬದಲಿಸಬಹುದು. ಕೇಳಲು ಸುಲಭವಾಗಿದೆ. ಆದರೆ ಹಿಂದೆ ಜನಕ್ಕೆ ಯೋಚಿಸಲು ಪುರುಸೊತ್ತಿರಲಿಲ್ಲ, ಈಗ ಆ ಪುರುಸೊತ್ತೇ ರೋಗವಾಗಿದೆ. ಬೆಳಿಗ್ಗೆ ಒಂದು ಮೇಲೆ, ಮಧ್ಯಾಹ್ನ ಇನ್ನೊಂದು ಮೇಲೆ, ಸಂಜೆಗೆ ಸೋದರಮಾವ ಬಂದರೆ ಎರಡೂ ಕೆಳಗೆ. ಈ ದಿನಗಳಲ್ಲಿ ನಾನು ನೋಡಿದ ಮನೆಗಳಲ್ಲಿ ಯಾರಿಗೂ ಸರಿಯಾಗಿ ಊಟ ಸೇರುತ್ತಿರಲಿಲ್ಲ.

ಕುಪ್ಪೇಲೂರಿನ ಬಸವಂತಪ್ಪನವರ ಕತೆ ಹೇಳಬೇಕು. ಅವರ ಮಗ ಮಂಜುನಾಥನಿಗೆ ಎರಡು ಕಡೆ ಸಿಗುವಂತಿತ್ತು. ಬಸವಂತಪ್ಪನವರು ಹನುಮಪ್ಪನ ಗುಡಿಯಲ್ಲಿ ಪ್ರಸಾದ ಕೇಳಿದರು. ಮೂರ್ತಿಗೆ ಹೂವಿನ ಎಸಳು ಹಚ್ಚಿ, ಬಲಕ್ಕೆ ಬಿದ್ದರೆ ಇದು, ಎಡಕ್ಕೆ ಬಿದ್ದರೆ ಅದು ಎಂದು ಕೈಮುಗಿದು ಕೂರುವುದು. ಹೂವು ಬಲಕ್ಕೆ ಬಿತ್ತು. ಆದರೆ ಅವರ ಹೆಂಡತಿ ಯಾರಿಗೂ ಹೇಳದೆ ದುರಗವ್ವನ ಗುಡಿಗೆ ಹೋಗಿ ಅದನ್ನೇ ಕೇಳಿದ್ದರು. ಅಲ್ಲಿ ಎಡಕ್ಕೆ ಬಿತ್ತು. ಮೂವರೂ ಬಸ್ಸು ಹಿಡಿದು ರಾಣೆಬೆನ್ನೂರಿಗೆ, ನನ್ನ ಮನೆಗೇ ಬಂದರು.

"ಹನುಮಪ್ಪ ಅಲ್ಲಿ ಅಂತಾನ, ದುರಗವ್ವ ಇಲ್ಲಿ ಅಂತಾಳ. ಯಾರ ಮಾತು ಮೀರೂದ್ರಿ? ಅದಕ್ಕ ನಿಮ್ಮ ಕಡೆ ಬಂದ್ವಿ" ಎಂದರು ಬಸವಂತಪ್ಪ.

ಅವರ ಲೆಕ್ಕ ನನಗೆ ಅರ್ಥವಾಯಿತು. ನಾಳೆ ತಪ್ಪಾದರೆ ದೇವರ ಮೇಲೆ ಸಿಟ್ಟು ಮಾಡುವಂತಿಲ್ಲ, ಮೇಡಂ ಮೇಲೆ ಮಾಡಬಹುದು. ನನಗೆ ರೇಗಿತು. ಇಬ್ಬರು ದೇವರೂ ಆ ಊರುಗಳನ್ನು ನೋಡಿಲ್ಲ, ನಾನೂ ನೋಡಿಲ್ಲ, ನೀವು ಹೋಗಿ ನೋಡಿ ಬನ್ನಿ ಎಂದು ಚಹಾ ಕೊಟ್ಟು ಕಳಿಸಿದೆ. ಹೋಗಿ ಬಂದರು. ಮಗ ಲೈಬ್ರರಿ, ಪ್ರಯೋಗಶಾಲೆ ಎಂದು ಹೇಳುತ್ತಿದ್ದ. ಬಸವಂತಪ್ಪ ಮಾತ್ರ ಎರಡೂ ಕಡೆ ಹಾಸ್ಟೆಲಿನ ಅಡುಗೆಮನೆ ನೋಡಿ ಬಂದಿದ್ದರು. ಒಂದು ಕಡೆ ಮೂರು ಹೊತ್ತೂ ಅನ್ನ, ಇನ್ನೊಂದು ಕಡೆ ವಾರದಲ್ಲಿ ಕೆಲವು ದಿನವಾದರೂ ಜೋಳದ ರೊಟ್ಟಿ. ರೊಟ್ಟಿ ಇದ್ದ ಕಡೆ ಸೇರಿಸಿದರು. ಆಗ ನಾನು ಮನಸ್ಸಿನಲ್ಲೇ ನಕ್ಕಿದ್ದೆ. ಮಂಜುನಾಥ ಅಲ್ಲಿ ಓದಿ ಮುಗಿಸಿದ, ಮನೆಯ ಊಟವಿಲ್ಲ ಎಂದು ಒಂದು ದಿನವೂ ಪೆಟ್ಟಿಗೆ ಕಟ್ಟಲಿಲ್ಲ. ಅಂದಿನಿಂದ, ಅಲ್ಲಿ ಏನು ಉಣ್ಣಲು ಹಾಕುತ್ತಾರೆ ಎಂದು ನಾನೂ ಕೇಳತೊಡಗಿದೆ.

ನನ್ನದೂ ಒಂದು ಮಾತು ಹೇಳಿಬಿಡುತ್ತೇನೆ. ನಾನು ಗುತ್ತಲದವಳು. ನನಗೆ ಎರಡು ಯುನಿವರ್ಸಿಟಿ ಇರಲಿಲ್ಲ. ಬೆಳಿಗ್ಗೆ ಹಾವೇರಿಗೆ ಬಸ್ಸಿತ್ತು, ಅಲ್ಲೊಂದು ಕಾಲೇಜಿತ್ತು, ಸಂಜೆ ಹೊತ್ತು ಮುಳುಗುವ ಮುಂಚೆ ಮರಳುವ ಬಸ್ಸಿತ್ತು. ಆ ಬಸ್ಸಿನ ವೇಳೆಯೇ ನನ್ನ ಆಯ್ಕೆ. ಹಾಗಾಗಿ ಎರಡು ದಾರಿ ಇರುವ ಹುಡುಗಿಯರನ್ನು ಕಂಡರೆ ನನಗೆ ಹೊಟ್ಟೆಕಿಚ್ಚೂ ಆಗುತ್ತಿತ್ತು, ಅವರಿಗಿಂತ ಹೆಚ್ಚು ಅವಸರವೂ ಆಗುತ್ತಿತ್ತು. ಅವರ ಪರವಾಗಿ ನಾನೇ ಓಡಿಬಿಡುತ್ತಿದ್ದೆ. ನೇತ್ರಾಳ ವಿಷಯದಲ್ಲಿ ಆದದ್ದೂ ಅದೇ.

ನೇತ್ರಾ ಬ್ಯಾಡಗಿಯಲ್ಲಿ ನನ್ನ ಕೊನೆಯ ವರ್ಷದ ವಿದ್ಯಾರ್ಥಿನಿ. ತಂದೆ ವೀರಭದ್ರಪ್ಪ ಶೆಟ್ಟರು ಮೆಣಸಿನಕಾಯಿ ಖರೀದಿದಾರರು, ಮಾರುಕಟ್ಟೆಯಲ್ಲಿ ಹೆಸರಿದ್ದವರು. ಹುಡುಗಿ ಮಾತು ಕಡಿಮೆ. ಪ್ರಯೋಗಶಾಲೆಯಲ್ಲಿ ಕೆಟ್ಟು ಮೂಲೆ ಸೇರಿದ್ದ ಮೀಟರುಗಳನ್ನು ತಾನೇ ಬಿಚ್ಚಿ, ಒಂದರ ಭಾಗ ಇನ್ನೊಂದಕ್ಕೆ ಹಾಕಿ ನಡೆಯುವಂತೆ ಮಾಡುತ್ತಿದ್ದಳು. ಎಲೆಕ್ಟ್ರಾನಿಕ್ಸ್ ಓದಬೇಕೆಂಬುದು ಗಟ್ಟಿಯಾಗಿತ್ತು. ಎಲ್ಲಿ ಎಂಬುದೇ ಪ್ರಶ್ನೆ.

ಅವಳ ರ‍್ಯಾಂಕಿಗೆ ಎರಡು ಯುನಿವರ್ಸಿಟಿಗಳು ದಕ್ಕುವಂತಿದ್ದವು. ಹೆಸರು ಹೇಳುವುದಿಲ್ಲ, ಎರಡೂ ಒಳ್ಳೆಯವೇ. ಹಾವೇರಿ ಸ್ಟೇಷನ್ನಿನಲ್ಲಿ ನಿಂತರೆ ಒಂದಕ್ಕೆ ಬಡಗಣದ ಗಾಡಿ ಹತ್ತಬೇಕು, ಇನ್ನೊಂದಕ್ಕೆ ತೆಂಕಣದ ಗಾಡಿ. ತೆಂಕಣದ್ದು ಹಳೆಯದು, ದೊಡ್ಡ ಹೆಸರಿನದು. ಬಡಗಣದ್ದು ಈಚಿನದು. ನಾನು ಎಲ್ಲರಿಗೂ ಹೇಳುವಂತೆ ಅವರಿಗೂ ನೋಡಿ ಬನ್ನಿ ಎಂದೆ. ತಂದೆ, ಮಗಳು ಎರಡೂ ಕಡೆ ಹೋಗಿ ಬಂದರು. ತೆಂಕಣದ್ದರ ಬಗ್ಗೆ ನೇತ್ರಾ ಅಪರೂಪಕ್ಕೆ ಬಾಯಿ ತುಂಬ ಮಾತಾಡಿದಳು. ಹೆಬ್ಬಾಗಿಲು, ಸಾಲುಮರ, ಕಲ್ಲಿನ ಕಟ್ಟಡ, ಅಲ್ಲಿ ಓದಿ ದೊಡ್ಡವರಾದವರ ಫೋಟೋಗಳು. ಬಡಗಣದ್ದು ಹೇಗಿತ್ತು ಎಂದರೆ, "ಅದೂ ಐತ್ರಿ, ಪರವಾಗಿಲ್ಲ" ಎಂದು ಸುಮ್ಮನಾದಳು. ಶೆಟ್ಟರಿಗೂ ತೆಂಕಣದ್ದೇ ಮನಸ್ಸಿಗೆ ಬಂದಿತ್ತು. ಇನ್ನೇನು, ಮನೆಮಂದಿಯೆಲ್ಲ ಒಂದೇ ಮಾತಿನ ಮೇಲಿದ್ದಾರೆ, ಇಂಥ ಮನೆ ಸಿಗುವುದೇ ಅಪರೂಪ ಎಂದು ನಾನು ಹಿಗ್ಗಿದೆ.

ಕೆಲವು ದಿನಗಳ ಮೇಲೆ ಶೆಟ್ಟರು ಮಗಳ ಜೊತೆ ಕಾಲೇಜಿಗೆ ಬಂದು, ಹಾಕಿರುವ ಕ್ರಮವನ್ನು ಮೊಬೈಲಿನಲ್ಲಿ ತೋರಿಸಿದರು. ಬಡಗಣದ್ದು ಮೊದಲು, ತೆಂಕಣದ್ದು ಎರಡನೆಯದು. ತಪ್ಪಿ ಹಾಕಿದ್ದೀರಿ ಎಂದೆ. ತಪ್ಪಲ್ಲ, ಬೇಕೆಂದೇ ಹಾಕಿದ್ದು ಎಂದರು.

"ನೀವು ಪಾಠ ಹೇಳೋವ್ರು ಮೇಡಂ, ನಾವು ಯಾಪಾರ ಮಾಡೋವ್ರು. ಬೇಕಾದ ಮಾಲಿನ ಮುಂದ ಮೊದಲ ಹೋಗಿ ನಿಂತ್ರ ಮುಗೀತು, ಎದುರಿನವ ಬಿಗಿ ಹಿಡೀತಾನ. ಬ್ಯಾಡಾದ್ದರ ಮುಂದ ನಿಂದರಬೇಕು. ಬೇಕಾದ್ದು ತಾನಾಗಿ ಕೈಗೆ ಬರತೈತಿ."

ಎದುರು ಯಾವ ಮನುಷ್ಯನೂ ಇಲ್ಲ, ಇರುವುದು ಯಂತ್ರ, ಮೊದಲು ಬರೆದದ್ದು ರ‍್ಯಾಂಕಿಗೆ ದಕ್ಕಿದರೆ ಅದು ಎರಡನೆಯದನ್ನು ಕಣ್ಣೆತ್ತಿಯೂ ನೋಡುವುದಿಲ್ಲ ಎಂದು ಎಷ್ಟು ಬಗೆಯಲ್ಲಿ ಹೇಳಿದರೂ ಅವರು ನನ್ನನ್ನು ಕನಿಕರದಿಂದ ನೋಡಿದರು. ಬ್ಯಾಡಗಿಯ ಮಾರುಕಟ್ಟೆಯಲ್ಲಿ ಇಷ್ಟು ವರ್ಷ ಅವರನ್ನು ಬದುಕಿಸಿದ್ದೇ ಆ ಪಾಠ. ನನ್ನ ಭೌತಶಾಸ್ತ್ರ ಅದರ ಮುಂದೆ ಯಾವ ಲೆಕ್ಕ. ನಾನು ನೇತ್ರಾಳ ಕಡೆ ತಿರುಗಿದೆ. ಅವಳು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತ, "ಅಪ್ಪಾಜಿ ಹೇಳಿದಂಗ ಇರಲಿ ಬಿಡ್ರಿ" ಎಂದಳು. ಪಾಪ, ತಂದೆಗೆ ಎದುರಾಡಲು ಹೆದರುತ್ತಾಳೆ ಎಂದುಕೊಂಡೆ.

ಅಣಕು ಹಂಚಿಕೆ ಬಂತು. ನಾನು ಹೇಳಿದಂತೆಯೇ ಬಡಗಣದ್ದು ತೋರಿಸಿತ್ತು. ಈಗಲಾದರೂ ಕಣ್ಣು ತೆರೆಯುತ್ತಾರೆ ಎಂದು ಫೋನು ಮಾಡಿದರೆ ಶೆಟ್ಟರು ಖುಷಿಯಲ್ಲಿದ್ದರು. ಅಣಕು ಎಂದರೆ ಅಣಕಿಸುವುದೇ, ಎದುರಿನವ ಹೆದರಿಸಿ ನೋಡುತ್ತಿದ್ದಾನೆ, ಈಗ ಅಲುಗಾಡಬಾರದು ಎಂದರು. ನೇತ್ರಾಳ ಕೈಗೆ ಫೋನು ಕೊಡಿ ಎಂದೆ. ಅವಳೂ ಆಗಲಿ ಬಿಡಿ ಎಂದಳು, ದನಿಯಲ್ಲಿ ಏನೂ ಇರಲಿಲ್ಲ. ನನಗೆ ತಳಮಳ ಶುರುವಾಯಿತು. ಎಲ್ಲರೂ ಬಯಸಿದ ಒಂದು ಸೀಟು, ಕೈಯಳತೆಯಲ್ಲಿರುವ ಸೀಟು, ಬರೀ ಜಾಣತನದಿಂದ ಹೋಗಿಬಿಡುತ್ತದಲ್ಲ. ತರಗತಿಯಲ್ಲಿ ಹಲಗೆಯ ಮೇಲೆ ಬರೆಯುತ್ತ ನಿಂತವಳು ವಾಕ್ಯ ಮರೆತು ನಿಂತಿದ್ದೂ ಇದೆ.

ಮುಂದಿನ ಮೆಣಸಿನಕಾಯಿ ಟೆಂಡರಿನ ದಿನ ರಜೆ ಹಾಕಿ ಮಾರುಕಟ್ಟೆಗೇ ಹೋದೆ. ಹಂಗಾಮು ಮುಗಿದಿತ್ತು, ಶೈತ್ಯಾಗಾರದಿಂದ ತಂದ ಮಾಲಿನ ಚೀಲಗಳನ್ನು ಬಿಚ್ಚಿ ರಾಶಿ ಹಾಕಿದ್ದರು. ಹಾವೇರಿಯ ಮನೆಯಿಂದ ಬ್ಯಾಡಗಿಗೆ ವರ್ಷಗಟ್ಟಲೆ ಓಡಾಡಿದರೂ ಆ ಘಾಟು ನನಗೆ ರೂಢಿಯಾಗಿಲ್ಲ. ಸೆರಗು ಮೂಗಿಗೆ ಹಿಡಿದು ಶೆಟ್ಟರ ಹಿಂದೆ ಸ್ವಲ್ಪ ದೂರದಲ್ಲಿ ನಡೆದೆ. ಒಂದು ರಾಶಿಯ ಮುಂದೆ ನಿಂತು ಕಾಯಿ ಮುರಿದರು, ಅಂಗೈಗೆ ತಿಕ್ಕಿ ಬಣ್ಣ ನೋಡಿದರು, ಮಾಲೀಕನ ಜೊತೆ ಮಾತಾಡಿದರು. ಇನ್ನೊಂದರ ಮುಂದೆಯೂ ಹಾಗೆಯೇ. ಮೂರನೆಯ ರಾಶಿ ಡಬ್ಬಿ ಎಂಬ ಜಾತಿಯ ಮೆಣಸಿನಕಾಯಿ, ಸುಕ್ಕು ಸುಕ್ಕಾಗಿ, ನನ್ನಂಥ ತಿಳಿಯದವಳ ಕಣ್ಣನ್ನೂ ಹಿಡಿಯುವ ಕೆಂಪು. ಅದರ ಮುಂದೆ ಅವರು ನಿಲ್ಲಲೇ ಇಲ್ಲ. ಎದುರು ಬಂದ ಯಾರಿಗೋ ನಮಸ್ಕಾರ ಹೇಳುತ್ತ, ಆ ಕಡೆ ತಿರುಗಿಯೂ ನೋಡದೆ ದಾಟಿ ಹೋದರು.

ಅಂಗಡಿಗೆ ಬಂದು ಕೂತು ಮೊಬೈಲಿನಲ್ಲಿ ದರ ಹಾಕತೊಡಗಿದರು. ಹಿಂದೆ ಚೀಟಿಯಲ್ಲಿ ಬರೆದು ಪೆಟ್ಟಿಗೆಗೆ ಹಾಕುತ್ತಿದ್ದರು, ಈಗ ಅದೂ ಫೋನಿಗೆ ಬಂದಿದೆ. ಒಬ್ಬರ ದರ ಇನ್ನೊಬ್ಬರಿಗೆ ಕಾಣುವುದಿಲ್ಲ. ಎಲ್ಲಕ್ಕಿಂತ ಹೆಚ್ಚಿನ ದರ ಯಾವುದಕ್ಕೆ ಹಾಕಿದಿರಿ ಎಂದು ನಾನು ಕೇಳಿದೆ. ಅವರು ನಕ್ಕು, ನೋಡದೆ ದಾಟಿದ ಆ ಡಬ್ಬಿ ರಾಶಿಗೆ ಎಂದರು. ಅಲ್ಲಿ ತಾವು ನಿಂತರೆ ಉಳಿದವರೂ ಬಂದು ನಿಲ್ಲುತ್ತಾರಂತೆ.

"ಹಂಗಾರ ಶೆಟ್ರ, ಮುಖದ ಮ್ಯಾಲ ಮುಚ್ಚಿಟ್ಟದ್ದನ್ನ ಟೆಂಡರಿನಾಗ ಮುಚ್ಚಿಡೂದಿಲ್ಲ ನೀವು. ಬ್ಯಾಡಾದ ರಾಶಿಗೆ ಹೆಚ್ಚಿನ ದರ ಹಾಕಿ, ಬೇಕಾದ್ದಕ್ಕ ಕಡಿಮಿ ಹಾಕಿದ್ರ ಏನಾಗತೈತಿ? ಮಗಳ ಸೀಟಿಗೆ ನೀವು ಮಾಡಿದ್ದು ಅದನ್ನ."

ಶೆಟ್ಟರ ಬೆರಳು ನಿಂತಿತು. ಅಂಗೈಗೆ ಹತ್ತಿದ ಕೆಂಪನ್ನು ಧೋತರಕ್ಕೆ ಒರೆಸಿಕೊಂಡರು. ಹಾಕಿದ ದರಗಳನ್ನು ಇನ್ನೊಮ್ಮೆ ನೋಡಿದರು. ಕೊನೆಗೆ, ಹಾಗಾದರೆ ತೆಂಕಣದ್ದನ್ನೇ ಮೇಲೆ ಹಾಕೋಣ ಎಂದರು. ನಾನು ಕೆಮ್ಮುತ್ತ, ಕಣ್ಣೊರೆಸಿಕೊಳ್ಳುತ್ತ, ಗೆದ್ದವಳಂತೆ ಮನೆಗೆ ಬಂದೆ. ಅಂದು ಎಷ್ಟೋ ದಿನಗಳ ಮೇಲೆ ಎರಡು ರೊಟ್ಟಿ ಹೆಚ್ಚು ತಿಂದೆ.

ಕ್ರಮ ಬದಲಿಸಲು ಕೊನೆಯ ದಿನ ಬ್ಯಾಡಗಿಯಲ್ಲಿ ಬೆಳಿಗ್ಗೆಯಿಂದ ನೆಟ್ ಇರಲಿಲ್ಲ. ಶೆಟ್ಟರು ಮಗಳನ್ನು ಕರೆದುಕೊಂಡು ಹಾವೇರಿಗೆ ಬಂದರು, ನಾನೂ ಹೋದೆ. ಬಸ್‌ಸ್ಟ್ಯಾಂಡಿನ ಹತ್ತಿರದ ಕಂಪ್ಯೂಟರ್ ಅಂಗಡಿ. ಒಳಗೆ ಜಾತ್ರೆಯಷ್ಟು ಮಂದಿ, ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಹಾಳೆ, ಎಲ್ಲರ ಮುಖದಲ್ಲೂ ಒಂದೇ ಗಾಬರಿ. ಪರದೆ ತೆರೆಯುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಸುತ್ತುತ್ತಿತ್ತು. ಪ್ರತಿ ಸಲ ನಿಂತಾಗಲೂ ನಾನು ಗಡಿಯಾರ ನೋಡುತ್ತಿದ್ದೆ. ನಮ್ಮ ಸರದಿ ಬರುವ ಹೊತ್ತಿಗೆ ಮಧ್ಯಾಹ್ನ ದಾಟಿತ್ತು. ನೇತ್ರಾಳ ಕ್ರಮ ಪರದೆಯ ಮೇಲೆ ಬಂತು. ಎರಡನೆಯದನ್ನು ಮೇಲಕ್ಕೆ ತನ್ನಿ ಎಂದು ಶೆಟ್ಟರು ಅಂಗಡಿಯವರಿಗೆ ಹೇಳಿದರು.

ನಾವೆಲ್ಲ ಪರದೆಯನ್ನೇ ನೋಡುತ್ತಿದ್ದೆವು. ನಮ್ಮ ಬೆನ್ನ ಹಿಂದೆ ನಿಂತಿದ್ದವರು ಕೂಡ ಕತ್ತು ಚಾಚಿ ನೋಡುತ್ತಿದ್ದರು. ನೋಡದವಳು ನೇತ್ರಾ ಒಬ್ಬಳೇ. ಫ್ಯಾನು ನೋಡಿದಳು, ಬಾಗಿಲಾಚೆ ಹೋಗುವ ಬಸ್ಸು ನೋಡಿದಳು, ತನ್ನ ಚಪ್ಪಲಿ ನೋಡಿದಳು. ಪರದೆಯ ಮೇಲಿನ ಆ ಮೊದಲ ಸಾಲಿನ ಕಡೆ ಮಾತ್ರ ಕಣ್ಣು ಹಾಯಿಸಲಿಲ್ಲ. ಆ ನೋಡದಿರುವ ಬಗೆಯನ್ನು ನಾನು ಮೆಣಸಿನಕಾಯಿ ರಾಶಿಗಳ ನಡುವೆ ಕಂಡಿದ್ದೆ.

ಒಂದು ನಿಮಿಷ ತಡೆಯಿರಿ ಎಂದು ಅಂಗಡಿಯವರಿಗೆ ಹೇಳಿ ಅವಳ ಕೈ ಹಿಡಿದು ಹೊರಗೆ ಕರೆದುಕೊಂಡು ಬಂದೆ. ಬಡಗಣದ ಕಾಲೇಜಿನಲ್ಲಿ ಏನು ನೋಡಿದೆ, ನಿಜ ಹೇಳು ಎಂದೆ. ಮೊದಲು ಏನೂ ಇಲ್ಲ ಎಂದಳು. ನಾನು ಬಿಡಲಿಲ್ಲ.

"ಅಲ್ಲಿ ಓದೂ ಹುಡುಗಿಯೊಬ್ಬಾಕಿ ಯಂತ್ರ ಬಿಚ್ಚಿಕೊಂಡು ಕುಂತಿದ್ಲರಿ" ಎಂದಳು. "ನಾ ನೋಡಾಕತ್ತಿದ್ದು ಕಂಡು, ಬೆಸುಗಿ ಹಾಕೂದು ನನ್ನ ಕೈಯಾಗ ಕೊಟ್ಲು. ಹಿಡಿ, ಈ ತಂತಿ ಕೂಡಸು ಅಂದ್ಲು. ಕೂಡಿಸಿದೆ. ದೀಪ ಹತ್ತಿತ್ರಿ. ಯಾರೂ ಮುಟ್ಟಬ್ಯಾಡ ಅನ್ನಲಿಲ್ಲ."

ತೆಂಕಣದ್ದಕ್ಕೆ ಅವರು ಹೋದ ದಿನ ರಜೆಯಿತ್ತಂತೆ. ಹೊರಗಿನಿಂದಲೇ ನೋಡಿ ಬಂದಿದ್ದರು. ಅದೂ ಒಳ್ಳೆಯದೇ, ಆದರೆ ಅದರ ನೆನಪು ತನಗೆ ಬರುವುದಿಲ್ಲ, ಇದರದ್ದೇ ಬರುತ್ತದೆ ಎಂದಳು. ಮತ್ತೆ ಇಷ್ಟು ದಿನ ಯಾಕೆ ಬಾಯಿ ಬಿಡಲಿಲ್ಲ ಎಂದು ಕೇಳಿದೆ. ಮನೆಯಲ್ಲಿ ಬೇಕು ಎಂದದ್ದು ಸಿಗುವುದಿಲ್ಲ ಎಂದಳು. ಹೈಸ್ಕೂಲಿನಲ್ಲಿದ್ದಾಗ ಅಂಗಡಿಯಲ್ಲಿ ಒಂದು ನೀಲಿ ಸೈಕಲ್ ಕಂಡು ಅವಳ ಮುಖ ಅರಳಿತಂತೆ. ಮುಖ ತೋರಿಸಿ ದರ ಕೆಡಿಸಿದೆ ಎಂದು ಶೆಟ್ಟರು ಅಲ್ಲಿಂದ ಎದ್ದೇ ಬಂದರಂತೆ. ಮನೆಗೆ ಬಂದದ್ದು ಬೇರೆ ಸೈಕಲ್.

ನನಗೆ ಒಮ್ಮೆಲೇ ಎಲ್ಲ ಹೊಳೆಯಿತು. ಅಪ್ಪ ತನ್ನ ಜಾಣತನದಲ್ಲಿ ಬಡಗಣದ್ದನ್ನು ಮೇಲೆ ಹಾಕಿದಾಗ, ಮಗಳು ಅಪ್ಪನಿಗಿಂತ ಜಾಣೆಯಾಗಿ ಸುಮ್ಮನಿದ್ದಳು. ಅವಳಿಗೆ ಬೇಕಾದ್ದು ತಾನಾಗಿ ಕೈಗೆ ಬರುತ್ತಿತ್ತು. ನಡುವೆ ಬಂದು, ಮಾರುಕಟ್ಟೆಯಲ್ಲಿ ಸುತ್ತಿ, ಕೆಮ್ಮಿ, ವಾದಿಸಿ, ಅದನ್ನು ಕೆಳಗಿಳಿಸಲು ಓಡಿ ಬಂದವಳು ನಾನು. ನನ್ನ ಮೇಲೂ ಸಿಟ್ಟು ಬಂತು, ಅವಳ ಮೇಲೂ ಬಂತು. ಇನ್ನೊಂದು ಗಳಿಗೆ ತಡವಾಗಿದ್ದರೆ ಈ ಹುಡುಗಿ ಅದನ್ನೂ ನೀಲಿ ಸೈಕಲ್ಲಿನ ಹಾಗೆ ಬಿಟ್ಟುಕೊಡುತ್ತಿದ್ದಳಲ್ಲ ಎಂದು ಅಳುವೂ ಬಂತು.

"ನೀವ ಹೇಳ್ರಿ ಮೇಡಂ ಅಪ್ಪಾಜಿಗೆ" ಎಂದಳು.

ಹೇಳಬಹುದಿತ್ತು. ನಾನು ಹೇಳಿದ್ದರೆ ಶೆಟ್ಟರು ಕೇಳುತ್ತಲೂ ಇದ್ದರು. ಆದರೆ ಅಳದಿದ್ದರೆ ಹೆತ್ತವ್ವನೂ ಹಾಲು ಕೊಡುವುದಿಲ್ಲ, ನಿನ್ನ ಬಾಯಿಂದಲೇ ಬರಲಿ ಎಂದು ಅವಳನ್ನು ಒಳಗೆ ತಳ್ಳಿಕೊಂಡು ಹೋದೆ. ಅಷ್ಟೂ ಮಂದಿಯ ನಡುವೆ, ತಂದೆಯ ಕುರ್ಚಿಯ ಪಕ್ಕ ನಿಂತು, ನೆಲ ನೋಡುತ್ತ ಅವಳು ಹೇಳಿದಳು.

"ಅಪ್ಪಾಜಿ, ನನಗ ಬಡಗಣದ್ದು ಬೇಕು."

ಶೆಟ್ಟರು ಮೊದಲು ಮಾಡಿದ್ದೇನು ಗೊತ್ತೇ? ಯಾರಾದರೂ ಕೇಳಿಸಿಕೊಂಡರೇ ಎಂದು ಸುತ್ತ ನೋಡಿದರು. "ಸಾವಕಾಶ ಹೇಳವ್ವಾ" ಎಂದರು. ಆಮೇಲೆ ಇದು ಮಾರುಕಟ್ಟೆಯಲ್ಲ ಎಂಬುದು ನೆನಪಾಗಿರಬೇಕು, ದನಿ ಮೆತ್ತಗಾಯಿತು. "ಮೊದಲ ಯಾಕ ಹೇಳಲಿಲ್ಲ?"

"ಹೇಳಿದ್ರ ಸಿಗೂದಿಲ್ಲ ಅಂತ ನೀವ ಕಲಿಸೀರಿ."

ಅವರು ಮಗಳ ಮುಖವನ್ನು ನೋಡಿದರು. ರಾಶಿಯ ಮುಂದೆ ನಿಂತು, ಕಾಯಿಯನ್ನು ಬೆಳಕಿಗೆ ಹಿಡಿದು ನೋಡುವ ಹಾಗೆ ನೋಡಿದರು. ಹಿಂದಿನವರು ಲಗೂ ಮಾಡಿ ಎಂದು ಗದ್ದಲ ಎಬ್ಬಿಸುತ್ತಿದ್ದರು. ಶೆಟ್ಟರು ಅಂಗಡಿಯವರ ಕಡೆ ತಿರುಗಿ, "ಮೊದಲ ಹೆಂಗಿತ್ತೋ ಹಂಗ ಇರಲಿ" ಎಂದರು. ಒಂದು ಅಕ್ಷರವೂ ಬದಲಾಗಲಿಲ್ಲ. ಯಂತ್ರದ ಮಟ್ಟಿಗೆ ಅಂದು ನಾವು ಅಲ್ಲಿಗೆ ಬಂದೇ ಇರಲಿಲ್ಲ.

ಸವಿತಾ, ಎರಡು ಯುನಿವರ್ಸಿಟಿಗಳ ಪೈಕಿ ಯಾವುದು ಮೇಲು ಎಂದು ನನ್ನನ್ನು ಕೇಳಬೇಡ, ನನಗೆ ಈಗಲೂ ಗೊತ್ತಿಲ್ಲ. ಬಂದವರಲ್ಲಿ ಅಪ್ಪನ ಮಾತು ಕೇಳು, ಅವ್ವನ ಮಾತು ಕೇಳು, ಸೋದರಮಾವ ಬಂದಿದ್ದರೆ ಅವನಿಗೂ ಚಹಾ ಕೊಡು. ಆದರೆ ಓದುವವರು ಯಾವುದರ ಬಗ್ಗೆ ಮಾತೇ ಆಡುತ್ತಿಲ್ಲ ಎಂದು ಗಮನಿಸು. ಆಮೇಲೆ ಅದರ ಬಗ್ಗೆಯೇ ಕೇಳು. ಇಷ್ಟು ವರ್ಷ ಕೆಲಸ ಮಾಡಿ ನಾನು ಕಲಿತದ್ದು ಇಷ್ಟೇ, ಅದನ್ನೂ ಕೊನೆಯ ವರ್ಷ ಕಲಿತೆ.

ಅಣಕು ಹಂಚಿಕೆಯಲ್ಲಿ ಬಂದದ್ದು ನಿಜದ ಹಂಚಿಕೆಯಲ್ಲಿ ಬರಲೇಬೇಕೆಂದಿಲ್ಲ. ನಡುವೆ ಎಲ್ಲರೂ ತಮ್ಮ ತಮ್ಮ ಕ್ರಮ ಬದಲಿಸಿರುತ್ತಾರೆ. ನೇತ್ರಾ ಜೀವಮಾನದಲ್ಲಿ ಮೊದಲ ಸಲ ಬಾಯಿ ಬಿಟ್ಟು ಬೇಕು ಎಂದಿದ್ದಳು. ಈಗ ಸಿಗದೇ ಹೋದರೆ ಅಪ್ಪ ಕಲಿಸಿದ್ದೇ ನಿಜವೆಂದು ಅವಳು ಮತ್ತೆಂದೂ ಬಾಯಿ ಬಿಡುವುದಿಲ್ಲ ಎಂಬುದೇ ನನ್ನ ಭಯ. ಹಂಚಿಕೆಯ ದಿನ ಮನೆಯಲ್ಲಿ ಇರಲಾಗದೆ ಹಾವೇರಿಯ ಬೀದಿಗಳಲ್ಲಿ ತಿರುಗಿದೆ. ಕಾಯಿಪಲ್ಲೆ ಕೊಂಡು ಅಂಗಡಿಯಲ್ಲೇ ಮರೆತೆ, ಮರಳಿ ಹೋಗಿ ತಂದೆ, ಮತ್ತೆ ತಿರುಗಿದೆ. ಸ್ಟೇಷನ್ ರಸ್ತೆಯಲ್ಲಿರುವಾಗ ಶೆಟ್ಟರ ಫೋನು ಬಂತು. ಅವರು ಮಾರುಕಟ್ಟೆಯಲ್ಲಿದ್ದರು. ಹಿಂದೆ ಹಮಾಲರ ಕೂಗು, ವ್ಯಾಪಾರಸ್ಥರ ಮಾತು ಕೇಳುತ್ತಿತ್ತು.

"ಬಡಗಣದ್ದು ಬಂತ್ರಿ ಮೇಡಂ" ಎಂದರು, ದನಿಯಲ್ಲಿ ಏರಿಲ್ಲ, ಇಳಿವಿಲ್ಲ. "ಪರವಾಗಿಲ್ಲ."

ನಾನು ಒಳ್ಳೆಯದಾಯಿತು ಎಂದೆ. ಅವರು ಫೋನು ಇಡಲಿಲ್ಲ. ಆಮೇಲೆ, ಅಷ್ಟು ಖರೀದಿದಾರರ ನಡುವೆ ನಿಂತು, ಎಲ್ಲರಿಗೂ ಕೇಳುವ ಹಾಗೆ ಶೆಟ್ಟರು ಹೇಳಿದರು.

"ಭಾಳ ಚಲೋ ಆತ್ರಿ. ನಮಗ ಅದ ಬೇಕಾಗಿತ್ತು."